ಗಾಡಿಮನಿಗೆ ಯಾರ ಅಳತಿ?

ಕರೆವ್ವ: ಒಲ್ಲೆ ಅಂದ್ರ ಒಲ್ಲೆ! ಮನಿ ಬಿಟ್ಟು ನಾಕ ದಿನ ಹೊರಗ ಹೋಗೂಣು ಅಂದ್ರಿ, ಹೂಂ ಅಂದೆ. ಈಗ ನೋಡಿದ್ರ ಮನೀನ ಗಾಡಿ ಮ್ಯಾಲೆ ಹೇರಾಕತ್ತೀರಿ!

ಜಟ್ಟೆಪ್ಪ: ಹೇರೂದಲ್ಲ ಇದು. ಪಾಪ್-ಅಪ್ ಕ್ಯಾಂಪರ್ ಅಂತಾರ ಇದಕ್ಕ.

ಕರೆವ್ವ: ಪಾಪ ಅನ್ನೂದಂತೂ ಖರೇ. ಯಾರ ಪಾಲಿಗೆ ಅಂತ ಹೇಳ್ರಿ.

ಬ್ಯಾಡಗಿ ಮೆಣಸಿನಕಾಯಿ ಪೇಟೆಯ ಹಿಂದೆ ಶಮಶೇರಸಾಬನ ಶೆಡ್ಡು. ಗಾಡಿಗಳಿಗೆ ಬಾಡಿ ಕಟ್ಟುವುದು ಅವನ ಕಸುಬು. ಕರ್ಜಗಿಯಿಂದ ಗಂಡಹೆಂಡತಿ ಪಿಕಪ್ ತಂದು ಅಲ್ಲಿ ನಿಲ್ಲಿಸಿ ಒಂದು ತಾಸಾಗಿತ್ತು. ಇಷ್ಟು ವರ್ಷ ಚೀಲ ಹೊತ್ತ ಗಾಡಿಯ ಮೇಲೆ ಜಟ್ಟೆಪ್ಪನಿಗೆ ಈಗ ಮನೆ ಬೇಕು. ಓಡುವಾಗ ಸೂರು ಕೆಳಗಿರಬೇಕು, ನಿಂತಾಗ ಮೇಲೇಳಬೇಕು. ಮೊಬೈಲಿನಲ್ಲಿ ಅಂಥದ್ದೊಂದನ್ನು ನೋಡಿದಂದಿನಿಂದ ಅವನಿಗೆ ಊಟ ಸೇರುತ್ತಿರಲಿಲ್ಲ. ಹಾಗಂತ ಒಂದು ಹೊತ್ತೂ ಬಿಟ್ಟಿರಲಿಲ್ಲ.

ಶಮಶೇರಸಾಬ: ಅಕ್ಕಾರ, ಮೆಣಸಿನಕಾಯಿ ಗಾಡಿ ಕಟ್ಟೇನಿ, ಹಾಲಿನ ಗಾಡಿ ಕಟ್ಟೇನಿ, ಕುರಿ ಗಾಡಿ ಕಟ್ಟೇನಿ. ಮನಷ್ಯಾರು ಮಲಗೂ ಗಾಡಿ ಇದ ಮೊದಲನೇದು.

ಕರೆವ್ವ: ಕುರಿ ಗಾಡೀನ ಕಟ್ರಿ. ಕುರಿಗೆ ರೊಟ್ಟಿ ಬಡದು ಹಾಕೂದಿರಂಗಿಲ್ಲ.

ಜಟ್ಟೆಪ್ಪ: ಏ, ಇದು ಹಾದಿ ಇಲ್ಲದಲ್ಲೆ ಹೋಗೂ ಗಾಡಿ! ಆಫ್ ರೋಡ್!

ಕರೆವ್ವ: ನಮ್ಮ ಹೊಲಕ್ಕ ದಿನಾ ಮತ್ತ್ಯಾವ ರೋಡಿನಾಗ ಹೋಗತೀರಿ?

ಜಟ್ಟೆಪ್ಪ: ಮೊದಲ ಮೇಡ್ಲೇರಿ ಹೊಳಿ ದಂಡಿಗೆ ಹೋಗೂಣು. ನೀರಿನ ಬಾಜೂಕ ಗಾಡಿ ನಿಲ್ಲಿಸಿ, ಸೂರು ಎಬ್ಬಿಸಿ...

ಕರೆವ್ವ: ಮೇಡ್ಲೇರಿ ನನ್ನ ತವರುಮನಿರೀ! ನಮ್ಮವ್ವ ಅಲ್ಲೆ ಅಡಗಿ ಮಾಡಿ ಹಾದಿ ಕಾಯಬೇಕು, ನಾ ಹೊಳಿ ದಂಡ್ಯಾಗ ನಿಮಗ ಬೇಯಿಸಿ ಹಾಕಬೇಕು?

ಜಟ್ಟೆಪ್ಪ: ಅದಕ್ಕಂತನ ಒಳಗ ಎರಡು ಒಲಿ ಇಡಸಾಕತ್ತೇನಿ. ಭಾಂಡೆ ತಿಕ್ಕಾಕ ಸಿಂಕ್ ಐತಿ. ನೀರಿನ ಟಾಕಿ ಐತಿ.

ಕರೆವ್ವ: ಒಲಿ ಹಚ್ಚೂದು ನಾನು, ತಿಕ್ಕೂದು ನಾನು, ನೀರು ತುಂಬೂದು ನಾನು. ಇದರಾಗ ನಿಮ್ಮದೇನೈತ್ರಿ?

ಜಟ್ಟೆಪ್ಪ: ಹಾಸಿಗಿ!

ಶಮಶೇರಸಾಬ ನಗು ನುಂಗಿಕೊಳ್ಳಲು ಕೈಯಲ್ಲಿದ್ದ ಅಳತೆಯ ಟೇಪನ್ನು ಎಳೆದ, ಬಿಟ್ಟ, ಮತ್ತೆ ಎಳೆದ. ಕರೆವ್ವನಿಗೆ ಮಾತ್ರ ನಗು ಬರಲಿಲ್ಲ. ಮದುವೆಯಾಗಿ ಇಪ್ಪತ್ತೆರಡು ವರ್ಷ. ನಾಲ್ಕು ದಿನ ಒಲೆಯ ಮುಖ ನೋಡದೆ ಇರಬಹುದು ಅಂತಲೇ ಅವಳು ಈ ಪ್ರಯಾಣಕ್ಕೆ ಹೂಂ ಅಂದಿದ್ದಳು. ಈಗ ಒಲೆಯೇ ಗಾಡಿ ಹತ್ತಿ ಕೂತಿತ್ತು.

ಶಮಶೇರಸಾಬ: ಜಗಳ ಆಮ್ಯಾಲೆ ಮಾಡ್ರಿ. ಒಬ್ಬರು ಈ ಗ್ವಾಡಿಗೆ ಹತ್ತಿ ನಿಂದರ್ರಿ, ಗೀಟು ಹೊಡೀತೇನಿ. ಸೂರು, ಅಡಗಿ ಕಟ್ಟಿ, ಭಾಂಡೆ ಕಪಾಟು, ಎಲ್ಲಾ ಆ ಗೀಟಿನ ಲೆಕ್ಕದ ಮ್ಯಾಲೆ. ಪೈಪು ಕಡದ ಮ್ಯಾಲೆ ಬದಲಿ ಇಲ್ಲ ನೋಡ್ರಿ. ಅಡಗಿ ಕಟ್ಟಿ ಅಂದ್ರ ಅಕ್ಕಾರು ನಿಂತ್ರ ಚಲೋ.

ಜಟ್ಟೆಪ್ಪ: ಆಕಿ ಐದಡೀನೂ ಇಲ್ಲ! ಆಕಿ ಅಳತಿಗೆ ಕಟ್ಟಿದ್ರ ನಾ ಒಳಗ ಬಗ್ಗಿ ಅಡ್ಡಾಡಲ್ಯಾ? ಗಾಡಿ ನಂದು, ಅಳತಿ ನಂದು. ಕಸ್ಟಮ್ ಅಂದ್ರ ಅದ!

ಅವನು ಗೋಡೆಗೆ ಬೆನ್ನು ಹಚ್ಚಿ ಎದೆಯುಬ್ಬಿಸಿ ನಿಂತ. ಆರಡಿ ಇದ್ದದ್ದು ಸಾಲದೆಂದು ಹಿಮ್ಮಡಿಯನ್ನೂ ಒಂದಿಷ್ಟು ಎತ್ತಿದ.

ಕರೆವ್ವ: (ಸಣ್ಣ ದನಿಯಲ್ಲಿ) ಎಲ್ಲಾ ನಿಮ್ಮ ಅಳತಿಗೇನ್ರಿ?

ಜಟ್ಟೆಪ್ಪ: ಎಲ್ಲಾ!

ಕರೆವ್ವ: ಅಡಗಿ ಕಟ್ಟೀನೂ?

ಜಟ್ಟೆಪ್ಪ: ಕಟ್ಟೀನೂ! ನನ್ನ ಮುಂದ ಗಿಡ್ಡ ಕಾಣಬಾರದು.

ಕರೆವ್ವ: ಸಾಬರ, ಹೊಡೀರಿ ಗೀಟು. ಗಟ್ಟಿ ಹೊಡೀರಿ.

ಸೀಮೆಸುಣ್ಣದ ಗೀಟು ಬಿತ್ತು. ಮಷೀನು ಕಿರ್ರೆಂದು ಪೈಪು ಕತ್ತರಿಸಿತು. ಶಮಶೇರಸಾಬ ಅಡುಗೆ ಕಟ್ಟೆಗೆಂದು ಕತ್ತರಿಸಿದ ಕಾಲುಗಳನ್ನು ನಿಲ್ಲಿಸಿ ಮೇಲೊಂದು ಹಲಗೆ ಇಟ್ಟ. ಕರೆವ್ವ ಅದರ ಮುಂದೆ ಹೋಗಿ ನಿಂತಳು.

ಕರೆವ್ವ: ಅಯ್ಯ ಶಿವನ! ಇದರ ಮ್ಯಾಲೆ ಒಲಿ, ಒಲಿ ಮ್ಯಾಲೆ ಗಡಿಗಿ. ಗಡಿಗ್ಯಾಗ ಏನೈತಿ ಅಂತ ನನಗ ಕಾಣಂಗೇ ಇಲ್ಲಲ್ರೀ!

ಜಟ್ಟೆಪ್ಪ: ಒಂದು ಮಣಿ ಇಟ್ಟು ಹತ್ತಿ ನಿಂದರು.

ಕರೆವ್ವ: ಗಾಡಿ ವಾಲಿರತೈತಿ, ಮಣಿ ಜಾರತೈತಿ. ಆಫ್ ರೋಡಲ್ರೀ?

ಜಟ್ಟೆಪ್ಪ: ಸಾಬರ, ಕಟ್ಟಿ ಸಣ್ಣದು ಮಾಡ್ರಿ!

ಶಮಶೇರಸಾಬ: ಕಟ್ಟಿ, ಕಪಾಟು, ಸೂರು ಎಲ್ಲಾ ಒಂದ ಲೆಕ್ಕಕ್ಕ ಪೈಪು ಕಡದೇನಿ ಜಟ್ಟೆಪ್ಪಣ್ಣ, ಒಂದು ಗಿಡ್ಡ ಮಾಡಿದ್ರ ಉಳದದ್ದು ಕೂಡಂಗಿಲ್ಲ. ಕೋಲು ಕೊಟ್ಟು ಹೊಡಿಸಿಕೊಂಡಂಗಾತು ನಿಂದು.

ಕರೆವ್ವ: ಮಲಗೋರಿಗೆ ಎತ್ತರ ಯಾಕ ಬೇಕ್ರಿ? ನಿಂತು ದುಡಿಯೋರಿಗೆ ಬೇಕು. ಅಳತಿ ನಿಮ್ಮದು, ನೀವ ನಿಂದರ್ರಿ.

ಜಟ್ಟೆಪ್ಪ: ನನಗ ಚಾ ಬಿಟ್ರ ಏನೂ ಮಾಡಾಕ ಬರಂಗಿಲ್ಲಲೇ!

ಕರೆವ್ವ: ನಾಕ ದಿನ ಚಾ ಕುಡೀರಿ. ನಾ ಅವ್ವನ ಮನ್ಯಾಗ ಉಂಡು ಬರತೇನಿ.

ಜಟ್ಟೆಪ್ಪ ಗೋಡೆಯ ಗೀಟನ್ನು ಕೈಯಿಂದ ಒರೆಸಿ ನೋಡಿದ. ಅಂಗೈ ಬೆಳ್ಳಗಾಯಿತೇ ಹೊರತು ಪೈಪು ಗಿಡ್ಡವಾಗಲಿಲ್ಲ.

ಶಮಶೇರಸಾಬ: ಅಕ್ಕಾರ, ನಿಮ್ಮ ಅಳತಿಗೆ ಏನೂ ಬ್ಯಾಡೇನ್ರಿ?

ಕರೆವ್ವ: ಬೇಕ್ರಿ. ಒಂದು ಕುರ್ಚಿ ಮಾಡ್ರಿ. ಗಾಡಿ ಹೊರಗ, ಹೊಳಿಗೆ ಮಾರಿ ಮಾಡಿ ಹಾಕೂದು. ಕಾಲು ಮಾತ್ರ ನೆಲಕ್ಕ ಮುಟ್ಟಬೇಕು.