ವೀಬೆಯ ಇಪ್ಪತ್ತು ಗೆರೆಗಳು

ವೀಬೆ ತನ್ನ ಪ್ರಬಂಧದ ಕೊನೆಗೆ ಒಂದು ವಾಕ್ಯ ಬರೆದು ಸಿಕ್ಕಿಹಾಕಿಕೊಂಡ: "ಈ ಅಳತೆಯನ್ನು ಯಾರು ಬೇಕಾದರೂ ಮಾಡಿ ನೋಡಬಹುದು." ಸ್ವಿಟ್ಜರ್ಲೆಂಡಿನ ಪ್ರೊಫೆಸರ್ ಉರ್ಸೀನಾ ಎಂಟು ತಿಂಗಳು ಮಾಡಿ ನೋಡಿದರು. ಅವನಿಗೆ ಬಂದ ಅಳತೆ ಬರಲಿಲ್ಲ. ಕೊನೆಗೆ ರೈಲು ಹತ್ತಿ, ಹಾಲೆಂಡಿನ ಉತ್ತರ ತುದಿಯಲ್ಲಿದ್ದ ಅವನ ಪ್ರಯೋಗಾಲಯಕ್ಕೇ ಬಂದು ಕುಳಿತರು. ಅವನ ಕೆಲಸ ಇನ್ನೆರಡು ವರ್ಷ ಮುಂದುವರಿಯಬೇಕೋ ಬೇಡವೋ ಎಂದು ಹೇಳಬೇಕಾದವರೂ ಅವರೇ.

ಚಿನ್ನದ ತಗಡಿನ ಮೇಲೆ ಅಣುಗಳು ಒತ್ತೊತ್ತಾಗಿ ನಿಂತು ಒಂದು ಪದರವಾಗುತ್ತವೆ. ದಪ್ಪ ಒಂದೇ ಅಣುವಿನಷ್ಟು. ಅದಕ್ಕೆ ದ್ರವಲೋಹದ ಒಂದು ಹನಿ ತಾಗಿಸಿ, ಎಷ್ಟು ವಿದ್ಯುತ್ ದಾಟುತ್ತದೆಂದು ಅಳೆಯಬೇಕು. ಹತ್ತು ವರ್ಷದಿಂದ ಇದೇ ಕೆಲಸವಾದರೂ, ಆ ಬೆಳ್ಳಿಬಣ್ಣದ ಹನಿ ಇಳಿಯುವಾಗ ವೀಬೆ ಗರ್ಭಗುಡಿಯ ಮುಂದೆ ನಿಂತವನಂತೆ ಉಸಿರು ಹಿಡಿಯುತ್ತಿದ್ದ.

ಅಂದು ಬೆಳಿಗ್ಗೆ ಮೊದಲ ಹನಿಗೆ ಪದರವೇ ತೂತಾಯಿತು. ಎರಡನೆಯದಕ್ಕೆ ಬಂದದ್ದು ಬೇಕಾದ್ದರ ಸಾವಿರದಲ್ಲೊಂದು ಪಾಲು. ಮೂರನೆಯದಕ್ಕೆ ನೂರು ಪಟ್ಟು ಹೆಚ್ಚು. ಕಂಪ್ಯೂಟರ್ ಪರದೆಯ ಮೇಲೆ ಅಳತೆಯ ಗೆರೆಗಳು ಹಗ್ಗ ಬಿಚ್ಚಿದ ಕರುಗಳ ಹಾಗೆ ದಿಕ್ಕಾಪಾಲಾದವು.

"ಗಾಳೀಲಿ ತೇವ ಜಾಸ್ತಿ ಕಣೋ," ಎಂದು ಪಕ್ಕದ ಕೋಣೆಯ ಶೂರ್ಡ್ ಕರೆಯದೆಯೇ ಬಂದು ಹೀಟರ್ ತಿರುಗಿಸಿದ.

"ತೇವ ಅಲ್ಲ, ಇವನ ಕೈ," ಎಂದಳು ತಾಂತ್ರಿಕ ಸಹಾಯಕಿ ಯೆಲ್ಟಿಯೆ. "ಮೇಡಂ, ಇವನಿಗೆ ಆಗ್ಲೇ ಆರು ಕಾಫಿ ಆಗಿದೆ."

"ಐದು!" ಎಂದು ವೀಬೆ ತಿರುಗಿದ. ಮೊಣಕೈ ತಗುಲಿ ತಗಡು ಮಗುಚಿ ನೆಲಕ್ಕೆ ಬಿತ್ತು. ಹನಿ ಪ್ರೊಫೆಸರರ ಬಿಳಿ ಅಂಗಿಯ ತೋಳಿಗೆ ಮೆತ್ತಿಕೊಂಡಿತು.

"ಪರವಾಗಿಲ್ಲ ಬಿಡಿ," ಎಂದರು ಉರ್ಸೀನಾ, ಪರವಾಗಿದೆ ಎಂಬ ದನಿಯಲ್ಲಿ.

ಶೂರ್ಡ್ ಮೇಜಿನ ತಟ್ಟೆಯಲ್ಲಿದ್ದ ಇನ್ನೊಂದು ತಗಡು ತೆಗೆದುಕೊಟ್ಟ. ವೀಬೆ ಹನಿ ಇಳಿಸಿದ. ಗೆರೆ ಮೂಡಿತು, ಪ್ರಬಂಧದಲ್ಲಿದ್ದದ್ದೇ! ಜಾಗ ಬದಲಿಸಿ ಇಳಿಸಿದ, ಅದೇ ಗೆರೆ. ಹತ್ತು ಸಲ, ಹದಿನೈದು, ಇಪ್ಪತ್ತು. ಗೆರೆಗಳು ಒಂದರ ಮೇಲೊಂದು ಕೂತು ಒಂದೇ ಆದವು. ಉರ್ಸೀನಾ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ಮೂವತ್ತು ವರ್ಷದಲ್ಲಿ ಇಂಥದ್ದು ನೋಡಿಲ್ಲ ನಾನು."

ಯೆಲ್ಟಿಯೆ ಮಾತ್ರ ತಗಡನ್ನು ಎತ್ತಿಕೊಂಡು ಹಿಂಬದಿಯ ಗುರುತು ನೋಡುತ್ತಿದ್ದಳು. "ವೀಬೆ, ಇದಕ್ಕೆ ಅಣು ಹಾಕೇ ಇಲ್ವಲ್ಲೋ. ಬರೀ ಚಿನ್ನ. ಮೂರು ವಾರದಿಂದ ಹೊರಗೇ ಬಿದ್ದಿತ್ತು."

"ಬರೀ ಚಿನ್ನ ಆಗಿದ್ರೆ ವಿದ್ಯುತ್ ಸೀದಾ ನುಗ್ಬೇಕಿತ್ತು," ಎಂದರು ಉರ್ಸೀನಾ ಮೆಲ್ಲಗೆ. "ಏನೋ ಕೂತಿದೆ. ಗಾಳಿಯ ಜಿಡ್ಡೋ, ನಮ್ಮ ಉಸಿರೋ. ನಿಮ್ಮ ಪ್ರಬಂಧದಲ್ಲಿ ಅಳೆದದ್ದೂ ಅದನ್ನೇ."

ವೀಬೆ ಕುರ್ಚಿಗೆ ಕುಸಿದ. ಆದರೂ ಕಣ್ಣು ಪರದೆಯಿಂದ ಕೀಳಲಾಗಲಿಲ್ಲ. ತನ್ನಷ್ಟಕ್ಕೆ ಬಂದು ಕೂತ ಕೊಳೆಗೆ ಇಷ್ಟು ಶಿಸ್ತೇ!

ಉರ್ಸೀನಾ ಅವನ ಹೆಗಲು ತಟ್ಟಿದರು. "ಪ್ರಬಂಧ ವಾಪಸ್ ತಗೊಳ್ಳಿ. ಆದ್ರೆ ಹೆದರಬೇಡಿ. ಈ ಕೊಳೆ ಏನು ಅನ್ನೋದು ನಿಮ್ಮ ಪ್ರಬಂಧಕ್ಕಿಂತ ದೊಡ್ಡ ವಿಷಯ. ಈ ತಗಡು ನನ್ನ ಕೈಗೆ ಕೊಡಿ, ಎರಡು ವರ್ಷ ಏನು, ಐದು ವರ್ಷ ಕೊಡಿಸ್ತೀನಿ."

ವೀಬೆ ಚಂಗನೆ ಎದ್ದು ಯೆಲ್ಟಿಯೆಯತ್ತ ಕೈಚಾಚಿದ. ಅವಳು ಅಷ್ಟರಲ್ಲಿ ಮೂಲೆಯ ನೀರಿನ ತೊಟ್ಟಿಯ ಬಳಿ ನಿಂತು ತಗಡನ್ನು ಬೆಳಕಿಗೆ ಹಿಡಿದಿದ್ದಳು.

"ಜಿಡ್ಡು ಅಂದ್ರಲ್ಲ, ಮೇಡಂ ಮುಂದೆ ನಂಗೇ ನಾಚಿಕೆ ಆಯ್ತು," ಎಂದಳು. "ಸ್ಪಿರಿಟ್ ಹಾಕಿ ತಿಕ್ಕಿ ತೊಳೆದುಬಿಟ್ಟೆ. ನೋಡು, ಹೇಗೆ ಹೊಳೀತಿದೆ!"