ಸ್ವೆಟರಿಗೆ ಅಂಟಿದ ಸವತಿ

ಮಕ್ಕಳೇ, ನಿಮ್ಮ ತಾತನಿಗೆ ನನ್ನನ್ನು ಬಿಟ್ಟು ಇನ್ನೊಂದು ಸಂಸಾರವಿತ್ತು. ನಿಮ್ಮ ಅಮ್ಮನಿಗೆ ಹೇಳಲು ಓಡಬೇಡಿ, ಅವಳಿಗೂ ಗೊತ್ತು! ಆ ಸವತಿ ಇದ್ದದ್ದು ಬ್ಲೂ ಮೌಂಟನ್ಸ್‌ನ ಒಣ ಇಳಿಜಾರಿನಲ್ಲಿ. ಸೊಂಟದೆತ್ತರ, ಚರ್ಮದಂಥ ದಪ್ಪ ಎಲೆ, ಮೈತುಂಬ ಮುಳ್ಳು. ಒಬ್ಬಳೇ ಅಲ್ಲ, ಗುಡ್ಡದ ತುಂಬ ಇದ್ದರು. ಕುರುಚಲು ಪೊದೆಗಳು!

ರಿಟೈರ್ ಆಗಿ, ಊರು ಬಿಟ್ಟು ಈ ದೇಶಕ್ಕೆ, ಕ್ವೇಕರ್ಸ್ ಹಿಲ್‌ನ ಮಗನ ಮನೆಗೆ ಬಂದ ಮೇಲೆ ಇವರಿಗೆ ಈ ಹುಚ್ಚು ಹಿಡಿದದ್ದು. ಭಾನುವಾರ ಬೆಳಿಗ್ಗೆ ಬೆಟ್ಟ ಸುತ್ತಲು ಪಕ್ಕದ ಬೀದಿಯ ಡಾಕ್ಟರ ಕಾರು ಹತ್ತಿದರೆ ಬರುವುದು ಸಂಜೆಗೇ. ಬಂದವರೇ ಹೊಗಳಿಕೆ ಶುರು.

"ಎಂಥ ಗಿಡ ಕಣೇ! ನೀರು ಕೇಳಲ್ಲ, ಗೊಬ್ಬರ ಕೇಳಲ್ಲ. ಬಂಡೆ ಮೇಲೆ ನಿಂತ್ಕೊಂಡು ವರ್ಷವಿಡೀ ಹಸಿರು!"

ನಾನೇನು ಕೇಳಿದ್ದೆ? ಒಂದು ಸಲ, ಈ ಸೀರೆ ನನಗೆ ಒಪ್ಪುತ್ತಾ ಅಂದಿದ್ದೆ. ಪೇಪರಿನಿಂದ ತಲೆ ಎತ್ತದೆ "ಹೂಂ" ಅಂದಿದ್ದರು. ಇನ್ನು ವರ್ಷವಿಡೀ ಹಸಿರಂತೆ! ಹತ್ತು ಜನರ ಮನೆಗೆ ರೊಟ್ಟಿ ತಟ್ಟಿದ್ದರೆ ಆ ಪೊದೆಯ ತಲೆಯೂ ಬೆಳ್ಳಗಾಗುತ್ತಿತ್ತು.

ಮೆಲ್ಬರ್ನಿನ ವಿಂಡಮ್ ವೇಲ್‌ನಲ್ಲಿ ನಿಮ್ಮ ಅತ್ತೆಯ ಗೃಹಪ್ರವೇಶ. ಎಲ್ಲರೂ ಹೊಸ ಅಡುಗೆಮನೆ ಹೊಗಳುತ್ತಿದ್ದರೆ ಇವರು ಹಿತ್ತಲಲ್ಲಿ ನಿಂತು, "ಎಲ್ಲಾ ಚೆನ್ನಾಗಿದೆ, ಒಂದು ಪೊದೆ ಇಲ್ವಲ್ಲ!" ಅಂದುಬಿಟ್ಟರು. ಹೊಸದಾಗಿ ಹುಲ್ಲು ಹಾಕಿಸಿದ್ದ ಅಳಿಯನ ಮುಖ ನೋಡಬೇಕಿತ್ತು.

ಸವತಿಯನ್ನು ಕಣ್ಣಾರೆ ನೋಡೋಣವೆಂದು ಒಮ್ಮೆ ನಾನೂ ಹೋದೆ. ಒಂದು ಪೊದೆಯ ಮುಂದೆ ನನ್ನನ್ನು ನಿಲ್ಲಿಸಿ ಅದಕ್ಕೆ ಹೇಳಿದರು, "ಇವಳು ನಮ್ಮ ಮನೆಯವಳು." ಯಾವ ಮದುವೆಮನೆಯಲ್ಲೂ ನನ್ನ ಪರಿಚಯ ಮಾಡಿಸದವರು ಪೊದೆಗೆ ಮಾಡಿಸಿದರು! ನಾನೋ, ನಾಚಿ ಸೆರಗು ಸರಿಮಾಡಿಕೊಂಡೆ. ಯಾರಿಗೆ ನಾಚಿದ್ದು ಅಂತ ಇವತ್ತಿಗೂ ಸಿಟ್ಟು ಬರುತ್ತದೆ.

ಅತ್ತೆ ಮಾವ ಇದ್ದ ಮನೆಗೆ ಸೊಸೆಯಾಗಿ ಬಂದವಳು ನಾನು. ಹಿರಿಯರೆದುರು ಗಂಡನ ಪಕ್ಕ ಕೂರುವಂತಿರಲಿಲ್ಲ; ನಿಮ್ಮ ತಾತ ಸೋಫಾದ ಆ ತುದಿಯಲ್ಲಿದ್ದರೆ ನಾನು ಈ ತುದಿ. ಇಲ್ಲಿಗೆ ಬಂದ ಮೇಲೂ ಅಷ್ಟೇ. ಭಾನುವಾರ ಸಂಜೆ ಮಾತ್ರ ಬೇರೆ ದಾರಿಯಿರಲಿಲ್ಲ. ನಮ್ಮೂರ ಉತ್ತರಾಣಿಯಂತೆ ಬಟ್ಟೆ ಹಿಡಿಯುವ ಆ ಪೊದೆಯ ಬೀಜ ಇವರ ಸ್ವೆಟರಿನ ತುಂಬ! ಪಕ್ಕದಲ್ಲಿ ಕೂತು, ತೋಳು ಹಿಡಿದು, ಒಂದೊಂದೇ ಕೀಳಬೇಕು.

"ಅವಳು ಕಳಿಸಿದ್ದನ್ನ ನೀವೇ ತೆಗೀರಿ."

"ಕಣ್ಣು ಕಾಣಲ್ಲ ಕಣೇ."

ಬಂಡೆ ಸಂದಿನಲ್ಲಿ ಸಾಸಿವೆಯಷ್ಟು ಹೂವು ಕಾಣುತ್ತಿತ್ತು, ಎದೆಯ ಮೇಲಿನ ಮುಳ್ಳು ಕಾಣುತ್ತಿರಲಿಲ್ಲ!

ಅವರು ಹೋದರು. ವೈಕುಂಠ ಸಮಾರಾಧನೆಯ ಊಟ ಮುಗಿದ ಮೇಲೆ ಡಾಕ್ಟರು ನನ್ನ ಹತ್ತಿರ ಬಂದು ಕೂತರು.

"ಒಂದು ಮಾತಮ್ಮ. ನಾವು ನಡೀತಿದ್ದ ದಾರಿಯಲ್ಲಿ ಒಂದು ಬೀಜಾನೂ ಅಂಟಲ್ಲ. ಕಾರು ಹತ್ತೋ ಮುಂಚೆ ಇವರು ಬೇಕಂತಲೇ ಪೊದೆಯೊಳಗೆ ನುಗ್ಗಿ, ಸ್ವೆಟರ್ ಉಜ್ಜಿಕೊಂಡು ಬರ್ತಿದ್ರು. ಯಾಕೆ ಸ್ವಾಮಿ ಅಂದ್ರೆ, 'ಇಲ್ದಿದ್ರೆ ಅವಳು ಪಕ್ಕಕ್ಕೆ ಬರಲ್ಲ ಡಾಕ್ಟ್ರೇ' ಅಂತಿದ್ರು."

ಮಕ್ಕಳೇ, ನನ್ನ ಬೀರುವಿನಲ್ಲಿರುವ ಬೂದು ಸ್ವೆಟರನ್ನು ಯಾರೂ ವಾಷಿಂಗ್ ಮೆಷಿನ್‌ಗೆ ಹಾಕಬೇಡಿ. ಎಡತೋಳಿನಲ್ಲಿ ಇನ್ನೂ ಒಂಬತ್ತು ಬೀಜಗಳಿವೆ. ಭಾನುವಾರ ಸಂಜೆ ಒಂದೊಂದಾಗಿ ತೆಗೆಯುತ್ತೇನೆ. ಆಮೇಲೆ ಮತ್ತೆ ಅಲ್ಲೇ ಅಂಟಿಸುತ್ತೇನೆ.