ಕಥೆಪುಸ್ತಕದ ಚಿಟ್ಟೆ, ಚಿಕ್ಕತಾಯಿಯ ಚಿಟ್ಟೆ

ಒಂಟಿಯಾಗಿ ಬದುಕುವವನು ಮೇಷ್ಟ್ರಾಗಬಾರದು ಎಂಬುದು ನನ್ನ ಅನುಭವ. ಮನೆಯಲ್ಲಿ ಕೇಳುವವರಿಲ್ಲದ ಮಾತನ್ನೆಲ್ಲ ತಂದು ಮಕ್ಕಳ ಮೇಲೆ ಸುರಿಯುತ್ತಾನೆ. ಯುದ್ಧದ ಕಾಲದಲ್ಲಿ ನಾನು ಬೆಳಕವಾಡಿಯ ಆಚೆಗಿನ ಒಂದು ಹಳ್ಳಿಯಲ್ಲಿ ಏಕೋಪಾಧ್ಯಾಯನಾಗಿದ್ದೆ. ಶಾಲೆಗೆ ಒಂದು ಕೋಣೆ, ಅದರ ಮಗ್ಗುಲಿನ ಕಿರುಕೋಣೆಯಲ್ಲಿ ನಾನು. ಮಕ್ಕಳು ಮನೆಗೆ ಹೋದಮೇಲೆ ನನ್ನೊಡನೆ ಮಾತಾಡುತ್ತಿದ್ದದ್ದು ಒಲೆಯ ಮೇಲಿನ ಅನ್ನ. ಅದೂ ಕುದಿಯುವಷ್ಟು ಹೊತ್ತು.

ಪ್ರಕೃತಿ ಪಾಠ ಮಾಡಬೇಕೆಂದು ಮೇಲಿನವರ ಅಪ್ಪಣೆ ಬಂತು. ಅದಕ್ಕೆ ಬೇಕಾದ ಸಾಮಾನು ಮಾತ್ರ ಬರಲಿಲ್ಲ. ಶಾಲೆಯ ಪೆಟ್ಟಿಗೆಯಲ್ಲಿ ಇದ್ದದ್ದು ಒಂದು ಮಕ್ಕಳ ಕಥೆಪುಸ್ತಕ. ಅದರಲ್ಲೊಂದು ಹುಳು, ಎಲ್ಲರೂ ತನ್ನನ್ನು ಹೀಯಾಳಿಸಿದರೆಂದು ಗೂಡು ಕಟ್ಟಿ ಮಲಗಿ, ಬಣ್ಣದ ಚಿಟ್ಟೆಯಾಗಿ ಎದ್ದು ಹಾರಿಹೋಗುತ್ತದೆ. ಇಷ್ಟರಿಂದಲೇ ವಿಜ್ಞಾನ ಕಲಿಸಿಬಿಡುತ್ತೇನೆಂದು ರಾಗವಾಗಿ ಓದಿದೆ. ಮಕ್ಕಳು ಮರ್ಯಾದೆಯಿಂದ ಕೇಳಿದರು. ಮುಗಿದಮೇಲೆ ಮೂರನೇ ಕ್ಲಾಸಿನ ಚಿಕ್ಕತಾಯಿ ಎದ್ದು ನಿಂತಳು. ಅವಳ ಮನೆಯಲ್ಲಿ ರೇಷ್ಮೆಹುಳು ಸಾಕುತ್ತಿದ್ದರು.

“ಆರ್ಕೊಂಡೋಗಕ್ಕೆ ಎಲ್ ಬುಡ್ತಾರೆ ಮೇಷ್ಟ್ರೇ? ಗೂಡ್ನಾಗೇ ಬೇಯುಸ್ಬುಡ್ತಾರೆ.”

ಇಡೀ ತರಗತಿ ಹೌದೆಂದು ತಲೆಯಾಡಿಸಿತು. ರೇಷ್ಮೆಯ ಸೀಮೆಗೆ ಬಂದು ಹುಳುವಿನ ಕಥೆ ಹೇಳಿದ ನನ್ನ ಜಾಣತನವನ್ನು ಏನೆನ್ನಲಿ. ಆದರೂ ಸೋಲೊಪ್ಪದೆ, ಅವಳ ತಾಯಿಯನ್ನು ಬೇಡಿ, ಬೇಯಿಸದ ಗೂಡೊಂದನ್ನು ತಂದು ಮೇಜಿನ ಮೇಲಿಟ್ಟೆ. ಮಕ್ಕಳು ದಿನವೂ ಸ್ಲೇಟಿನಲ್ಲಿ ಅದರ ಚಿತ್ರ ಬರೆದರು. ಏನೂ ಆಗದ್ದರಿಂದ ಚಿತ್ರವೂ ದಿನಾ ಅದೇ. ಸಂಜೆ ಅದನ್ನು ನನ್ನ ಕೋಣೆಗೆ ಒಯ್ಯುತ್ತಿದ್ದೆ. ಇಲಿಯ ಭಯಕ್ಕೆ ಎಂದು ಮಕ್ಕಳಿಗೆ ಹೇಳಿದ್ದೆ. ನಿಜವೆಂದರೆ, ಊಟಕ್ಕೆ ಕೂತಾಗ ಎದುರಿಗೆ ಇನ್ನೊಂದು ಜೀವವಿದೆ ಎಂಬುದೇ ಹಿತವಾಗಿತ್ತು.

ಚಿಟ್ಟೆ ಹೊರಬಂದದ್ದು ಒಂದು ಭಾನುವಾರ ಬೆಳಿಗ್ಗೆ. ಗೂಡಿನ ತುದಿ ಒದ್ದೆಯಾಯಿತು, ತಲೆ ಕಂಡಿತು. ಯಾರನ್ನಾದರೂ ಕರೆಯೋಣವೆಂದು ಬೀದಿಗೆ ಓಡಿದೆ. ಊರೆಲ್ಲ ನಾಟಿಗೆ ಹೋಗಿತ್ತು. ಜಗಲಿಯ ಮೇಲಿದ್ದ ಒಬ್ಬ ಮುದುಕಿಗೆ ಕಿವಿ ಕೇಳುತ್ತಿರಲಿಲ್ಲ. ವಾಪಸು ಬಂದು ಅಷ್ಟು ದೊಡ್ಡ ಸಂಗತಿಯನ್ನು ನಾನೊಬ್ಬನೇ ನೋಡಿದೆ. ಬಣ್ಣವಿಲ್ಲ, ಮಾಸಲು ಬಿಳುಪು, ದಪ್ಪ ಹೊಟ್ಟೆ, ರೆಕ್ಕೆಯಿದ್ದೂ ಹಾರದು.

ಸೋಮವಾರ ಮಕ್ಕಳು ಪುಸ್ತಕದ ಚಿತ್ರವನ್ನು ಅದರ ಪಕ್ಕದಲ್ಲಿಟ್ಟು ತಪ್ಪು ಹುಡುಕಿದರು. ಆ ವರ್ಷ ನನ್ನ ಶಾಲೆಯಲ್ಲಿ ನಡೆದ ಒಳ್ಳೆಯ ವಿಜ್ಞಾನ ಪಾಠ ಅದೊಂದೇ, ಮಾಡಿದವನು ನಾನಲ್ಲ. ತಿನ್ನಲು ಏನು ಕೊಡಬೇಕೆಂದು ನಾನೇ ವಿದ್ಯಾರ್ಥಿಯಂತೆ ಕೇಳಿದೆ.

“ಇದು ಏನೂ ತಿನ್ನಾಕಿಲ್ಲ ಮೇಷ್ಟ್ರೇ,” ಎಂದಳು ಚಿಕ್ಕತಾಯಿ. “ಜೊತೆಗೆ ಇನ್ನೊಂದು ಬುಡ್ಬೇಕು. ಒಂದೇ ಇದ್ರೆ ಸುಮ್ಕೆ ಸತ್ತೋಯ್ತದೆ.”

ಮಕ್ಕಳೆಲ್ಲ ಚಿಟ್ಟೆಯನ್ನು ಬಿಟ್ಟು ನನ್ನನ್ನು ನೋಡಿದರು. ನಾನು ಬೋರ್ಡಿನ ಕಡೆ ತಿರುಗಿ, ಒರೆಸಿದ್ದನ್ನೇ ಮತ್ತೆ ಒರೆಸಿದೆ.

ಊರಿನಲ್ಲಿ ಬೇಯದ ಗೂಡು ಇನ್ನೊಂದು ಉಳಿದಿರಲಿಲ್ಲ. ಗುರುವಾರ ಚಿಟ್ಟೆ ಸತ್ತಿತು. ಮಕ್ಕಳು ಅದನ್ನು ಬೇಲಿಯ ಕೆಳಗೆ ಹೂತು ಆಟಕ್ಕೆ ಹೋದರು. ಅಂದು ಸಂಜೆಯೇ ನಾನು ತುರುವೇಕೆರೆಯ ಅಕ್ಕನಿಗೆ, ಎಲ್ಲಾದರೂ ಹೆಣ್ಣು ನೋಡು ಎಂದು ಕಾಗದ ಬರೆದೆ. ಇಷ್ಟು ವರ್ಷ ಬೇಡವೆನ್ನುತ್ತಿದ್ದವನಿಗೆ ಈಗೇನಾಯಿತೆಂದು ಅಕ್ಕ ಕೇಳಲಿಲ್ಲ. ಹೆಣ್ಣಿನ ಕಡೆಯವರು ಒಂದೇ ವಿಷಯ ತಿಳಿಯಬೇಕೆನ್ನುತ್ತಾರೆ, ನಿಮ್ಮ ಹಳ್ಳಿಗೆ ಬಸ್ಸು ಬರುತ್ತದೆಯೇ ಎಂದು ಬರೆದಳು. ಬರುತ್ತದೆ ಎಂದು ಉತ್ತರ ಹಾಕಿದೆ. ವಾರಕ್ಕೆ ಎರಡೇ ಸಲ ಎಂಬುದನ್ನು ಬರೆಯಲು ಕಾರ್ಡಿನಲ್ಲಿ ಜಾಗವಿರಲಿಲ್ಲ.